ಕರೆಯ ದಾರಿಗೆ ಪೇಟೆಂಟ್ ಸಿಗುತ್ತದೆಯೇ?

ಕಳಂಬೋಲಿಯಲ್ಲಿ ಇರುವವರಿಗೆ ರೂಟಿಂಗ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಉಕ್ಕಿನ ಮಾರುಕಟ್ಟೆಯ ಲಾರಿಗಳು ಇಲ್ಲಿಂದಲೇ ಪುಣೆ, ಗೋವಾ, ಮುಂಬೈ ದಾರಿ ಹಿಡಿಯುತ್ತವೆ. ಟೆಲಿಫೋನ್ ಕರೆಗೂ ಹೀಗೆ ಯಾರಾದರೂ ದಾರಿ ತೋರಿಸಬೇಕು.

ಅಮೆರಿಕದಲ್ಲಿ ಅಂತ್ಯಕ್ರಿಯೆ ವ್ಯವಸ್ಥೆಯ ವ್ಯಾಪಾರ ಮಾಡುತ್ತಿದ್ದ ಆಲ್ಮನ್ ಸ್ಟ್ರೋಜರ್ 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದಾಗ, ಆ ದಾರಿ ಕಣ್ಣಿಗೆ ಕಾಣುವ ಯಂತ್ರವಾಗಿತ್ತು. ಇಂದು ಅದು ಸಾಫ್ಟ್‌ವೇರ್. ತೊಡಕಿರುವುದು ಅಲ್ಲೇ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಮ್, ವ್ಯಾಪಾರ ವಿಧಾನಗಳಿಗೆ ಪೇಟೆಂಟ್ ಇಲ್ಲ. ಆದರೆ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರಲ್ಲಿ, ತಾಂತ್ರಿಕ ಪರಿಣಾಮವಿದ್ದರೆ ಪ್ರೋಗ್ರಾಂ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ ಎಂದಿತು.

‘ಹೆಚ್ಚು ಖರ್ಚು ಮಾಡುವ ಗ್ರಾಹಕನ ಕರೆಗೆ ಮೊದಲ ಸರದಿ’ ಎಂಬುದು ವ್ಯಾಪಾರದ ನಿಯಮ. ದಟ್ಟಣೆ ಅಳೆದು, ಕರೆ ಕಡಿಯದಂತೆ ಮಾರ್ಗ ಬದಲಿಸುವ ವ್ಯವಸ್ಥೆಗೆ ತಾಂತ್ರಿಕ ಪರಿಣಾಮವಿದೆ ಎಂದು ವಾದಿಸಬಹುದು. ಅದು ಹೊಸದೂ ಆಗಿರಬೇಕು, ಆ ಕ್ಷೇತ್ರ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದೂ ಆಗಿರಬಾರದು.

ಅರ್ಜಿ ಸಲ್ಲಿಸಿದರಷ್ಟೇ ಸಾಲದು, ಪರಿಶೀಲನೆಗೆ ಪ್ರತ್ಯೇಕ ಕೋರಿಕೆ ಬೇಕು. 2024ರ ನಿಯಮದಂತೆ ಅದಕ್ಕೆ 31 ತಿಂಗಳ ಗಡುವು. ಇಲ್ಲಿನವರಿಗೆ ಮುಂಬೈ ಕಚೇರಿ, ಕರ್ನಾಟಕದವರಿಗೆ ಚೆನ್ನೈ.

ಪೇಟೆಂಟ್ ಎಂದರೆ 20 ವರ್ಷಗಳ ಏಕಸ್ವಾಮ್ಯ. ಪರಿಶೀಲಕರು ಸಡಿಲಬಿಟ್ಟರೆ ಎಲ್ಲರಿಗೂ ಗೊತ್ತಿರುವ ದಾರಿಗೂ ಸಣ್ಣ ಕಂಪನಿಗಳು ಟೋಲ್ ಕಟ್ಟಬೇಕಾದೀತು. ಅತಿ ಬಿಗಿ ಮಾಡಿದರೆ ಹೊಸ ದಾರಿ ಕಡಿದವನ ಕೈ ಬರಿದು.