ಹೊಸಪೇಟೆಗೆ ಮಾತ್ರ ಫೇಲಾಗುವ ಟೆಸ್ಟ್

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ಹೆಸರಿನ ನಾಲ್ಕು ಕಡತಗಳಲ್ಲಿ ಆಯಾ ಊರಿನ ಮಳೆ ಲೆಕ್ಕ ಇದೆ ಎಂದುಕೊಳ್ಳಿ. ಫೋಲ್ಡರಿನಲ್ಲಿರುವ ಹೆಸರುಗಳನ್ನು ಓದಿ ನಾಲ್ಕೂ ಇವೆಯೇ ಎಂದು ನೋಡುವ ಟೆಸ್ಟ್ ಲಿನಕ್ಸ್ ಸರ್ವರಿನಲ್ಲಿ ಪಾಸಾಗುತ್ತದೆ. ಹಳೆಯ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಅದೇ ಟೆಸ್ಟ್ ಉಳಿದ ಮೂರು ಊರುಗಳನ್ನು ಒಪ್ಪಿಕೊಂಡು, ಹೊಸಪೇಟೆ ಮಾತ್ರ ಇಲ್ಲವೆನ್ನುತ್ತದೆ. ಕಡತವೇನೋ ಕಣ್ಣೆದುರೇ ಇದೆ. ಎರಡೂ ಕಡೆಯ ಹೆಸರನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟರೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣದು. ಹೆಸರಿನ ಉದ್ದ ಎಣಿಸಿದಾಗ ಗುಟ್ಟು ಹೊರಬೀಳುತ್ತದೆ: ಒಂದರಲ್ಲಿ 7 ಸಂಕೇತಗಳು, ಇನ್ನೊಂದರಲ್ಲಿ 9. ಯುನಿಕೋಡ್‌ನಲ್ಲಿ ‘ಹೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಕೊಂಬಿನಿಳಿ ಎಂದು ಎರಡಾಗಿ ಒಡೆಯಬಹುದು. ‘ಪೇ’ಯನ್ನು ಎತ್ವ, ದೀರ್ಘ ಎಂದು ಬಿಡಿಸಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ಉಳಿದ ಮೂರು ಊರುಗಳ ಹೆಸರಿನಲ್ಲಿ ಒಡೆಯುವಂಥ ಸ್ವರಚಿಹ್ನೆಯೇ ಇಲ್ಲ.

ಇಂಥ ಟೆಸ್ಟನ್ನು ‘ನಿನ್ನ ಲ್ಯಾಪ್‌ಟಾಪಿನ ಸಮಸ್ಯೆ’ ಎಂದು ತಳ್ಳಿಹಾಕುವುದು ರೂಢಿ. ಆದರೆ ತಪ್ಪು ಲ್ಯಾಪ್‌ಟಾಪಿನದಲ್ಲ. ಹೆಸರು ಒಂದೇ ರೂಪದಲ್ಲಿ ಬರುತ್ತದೆಂದು ಹೇಳದೆ ಕೇಳದೆ ನಂಬಿದ ಕೋಡಿನದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದರೆ ಟೆಸ್ಟ್ ಎಲ್ಲೆಡೆ ಪಾಸಾಗುತ್ತದೆ. ಗಡಿಯಾರದ ಕಥೆಯೂ ಇದೇ. ಕಂಪ್ಲಿಯ ವೇಬ್ರಿಡ್ಜಿನಲ್ಲಿ ಏಪ್ರಿಲ್ 1ರ ಬೆಳಗಿನ ಜಾವ 4 ಗಂಟೆಗೆ ಭತ್ತದ ಲಾರಿ ತೂಗಿದರೆ, ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಗೆ ಹೊಂದಿಸಿದ ಸರ್ವರಿನಲ್ಲಿ ಆಗಿನ್ನೂ ಮಾರ್ಚ್ 31ರ ರಾತ್ರಿ 10.30. ಲಾರಿ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ! ಈ ದೋಷ ಸರ್ವರಿನಲ್ಲಿ ಮಾತ್ರ ಬರುತ್ತಿದ್ದರೆ ಕಾಲವಲಯ ಹೇಳುವ ಟಿಜೆಡ್ ಎಂಬ ಒಂದೇ ಸೆಟ್ಟಿಂಗ್ ಬದಲಿಸಿ, ಉಳಿದದ್ದನ್ನು ಮುಟ್ಟದೆ ಟೆಸ್ಟನ್ನು ಮತ್ತೆ ಓಡಿಸಬೇಕು. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದವರಿಗೆ ಟೆಸ್ಟ್ ಪಾಸಾದರೂ ಕಾರಣ ದಕ್ಕುವುದಿಲ್ಲ.

ಎಲ್ಲರಿಗೂ ಒಂದೇ ಕಂಟೇನರ್ ಕೊಟ್ಟರೆ ಈ ರಗಳೆಯೇ ಇರದಲ್ಲ ಎಂಬುದು ಗಟ್ಟಿ ಆಕ್ಷೇಪ. ತಂಡದೊಳಗೆ ಅದು ಸಮಯ ಉಳಿಸುತ್ತದೆ, ನಿಜ. ಆದರೆ ತಂತ್ರಾಂಶವನ್ನು ತಮ್ಮ ಕಂಪ್ಯೂಟರಿಗೇ ಹಾಕಿಕೊಳ್ಳುವ ಬಳಕೆದಾರರ ಬಳಿ ಆ ಕಂಟೇನರ್ ಇರುವುದಿಲ್ಲ. ಟೆಸ್ಟಿನಲ್ಲಿ ಮುಚ್ಚಿಹೋದ ದೋಷ ಅವರೆದುರು ಏಳುತ್ತದೆ. ಹಾಗೆಂದು ಪ್ರತಿ ಸಲವೂ ಕೋಡನ್ನೇ ದೂರಬೇಕಿಲ್ಲ. ಭಾರತದ ಸೆಟ್ಟಿಂಗಿನಲ್ಲಿ 12,34,567 ಎಂದು ಸರಿಯಾಗಿ ಮುದ್ರಿಸಿದ ಪ್ರೋಗ್ರಾಮಿನಿಂದ ಟೆಸ್ಟ್ 1,234,567 ಬಯಸುತ್ತಿದ್ದರೆ, ತಿದ್ದಬೇಕಾದದ್ದು ಟೆಸ್ಟನ್ನೇ.