ಮಕ್ಕಳಲ್ಲಿ ದಡಾರ (ಗೊಬ್ಬರ), ರುಬೆಲ್ಲಾ ಹಾಗೂ ಮಂಗನಬಾವು: ಪೋಷಕರಿಗೆ ಮಾಹಿತಿ

ನಿಪ್ಪಾಣಿ ತಾಲ್ಲೂಕಿನ ಅಕ್ಕೋಳ ಹಾಗೂ ಸುತ್ತಲಿನ ಗಡಿ ಗ್ರಾಮಗಳಲ್ಲಿ ದಡಾರವನ್ನು ಗೊಬ್ಬರವೆಂದೂ ಮರಾಠಿ ಮನೆಗಳಲ್ಲಿ ಗೋವರವೆಂದೂ ಕರೆಯುವುದು ರೂಢಿ. ಮಂಗನಬಾವು ಮರಾಠಿಯಲ್ಲಿ ಗಾಲಗುಂಡ. ಹೆಸರು ಯಾವುದಾದರೂ ರೋಗ ಒಂದೇ ಆಗಿರುವುದರಿಂದ, ಆರೋಗ್ಯ ಸಿಬ್ಬಂದಿಗೆ ತಿಳಿಸುವಾಗ ಮನೆಮಾತಿನ ಹೆಸರನ್ನೇ ಹೇಳಬಹುದು.

ದಡಾರವು ತೀವ್ರ ಜ್ವರ, ಕೆಮ್ಮು, ನೆಗಡಿ ಮತ್ತು ಕೆಂಪು ಕಣ್ಣುಗಳಿಂದ ಆರಂಭವಾಗುತ್ತದೆ. ಕೆಲವು ದಿನಗಳ ನಂತರ ಕಿವಿಯ ಹಿಂಭಾಗ ಹಾಗೂ ಮುಖದಲ್ಲಿ ಗುಳ್ಳೆಗಳು ಮೂಡಿ ಮೈಗೆಲ್ಲ ಹರಡುತ್ತವೆ. ಗುಳ್ಳೆ ಕಾಣುವ 4 ದಿನ ಮೊದಲಿನಿಂದ, ಕಂಡ 4 ದಿನಗಳವರೆಗೆ ಸೋಂಕು ಇತರರಿಗೆ ತಗಲುತ್ತದೆ. ನ್ಯುಮೋನಿಯಾ, ಭೇದಿ, ಕುರುಡುತನ ಇದರಿಂದ ಉಂಟಾಗಬಹುದು. ದೇವಿ ಬಂದಿದ್ದಾಳೆಂದು ಬೇವಿನ ಸೊಪ್ಪು ಇಡುವುದರಿಂದ ಹಾನಿಯಿಲ್ಲ. ಆದರೆ ಅದೇ ಕಾರಣಕ್ಕೆ ಆಸ್ಪತ್ರೆಗೆ ಹೋಗದಿರುವುದು, ಮಗುವಿಗೆ ಆಹಾರ ಕಡಿಮೆ ಮಾಡುವುದು ಅಪಾಯಕರ. ದಡಾರವಾದ ಮಗುವಿಗೆ ವೈದ್ಯರ ಸಲಹೆಯಂತೆ ಎರಡು ದಿನ ಎ ಜೀವಸತ್ವ ನೀಡಲಾಗುತ್ತದೆ.

ರುಬೆಲ್ಲಾ ಮಕ್ಕಳಲ್ಲಿ ಸೌಮ್ಯ. ಆದಾಗ್ಯೂ ಗರ್ಭಿಣಿಗೆ, ವಿಶೇಷವಾಗಿ ಮೊದಲ ಮೂರು ತಿಂಗಳಲ್ಲಿ, ತಗುಲಿದಲ್ಲಿ ಹುಟ್ಟುವ ಶಿಶುವಿನ ಕಣ್ಣು, ಕಿವಿ, ಹೃದಯಕ್ಕೆ ಧಕ್ಕೆಯಾಗುತ್ತದೆ. ಮಂಗನಬಾವಿನಲ್ಲಿ ಕಿವಿಯ ಕೆಳಗೆ ಬಾವು ಕಾಣಿಸಿಕೊಳ್ಳುತ್ತದೆ; ಬಾವು ಬಂದ 5 ದಿನಗಳವರೆಗೆ ಮಗುವನ್ನು ಶಾಲೆಗೆ ಕಳುಹಿಸಬಾರದು. ವೃಷಣದ ಬಾವು, ಕಿವುಡು ಅಥವಾ ವಿಪರೀತ ತಲೆನೋವು ಕಂಡುಬಂದರೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ದಡಾರ-ರುಬೆಲ್ಲಾ ಲಸಿಕೆಯನ್ನು 9 ರಿಂದ 12 ತಿಂಗಳಲ್ಲಿ ಮತ್ತು 16 ರಿಂದ 24 ತಿಂಗಳಲ್ಲಿ ಉಚಿತವಾಗಿ ಹಾಕಲಾಗುತ್ತದೆ. ತಪ್ಪಿಹೋದಲ್ಲಿ 5 ವರ್ಷದೊಳಗೆ ಪಡೆಯಬಹುದು. ಮಂಗನಬಾವಿನ ಲಸಿಕೆ ರಾಷ್ಟ್ರೀಯ ಪಟ್ಟಿಯಲ್ಲಿಲ್ಲ. ಅದು ಎಂಎಂಆರ್ ಲಸಿಕೆಯಲ್ಲಿದ್ದು, ಖಾಸಗಿಯಾಗಿ ದೊರೆಯುತ್ತದೆ.

ಈ ಲಸಿಕೆಯ ಬಗ್ಗೆ ಜಿಲ್ಲೆಯ ಪೋಷಕರಲ್ಲಿರುವ ಅಂಜಿಕೆಗೆ ಕಾರಣವಿದೆ. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಬಳಿಕ ಮೂವರು ಶಿಶುಗಳು ಮೃತಪಟ್ಟವು. ಲಸಿಕೆಯನ್ನು ಇರಿಸಿದ ರೀತಿಯಲ್ಲಿ ಲೋಪವಾಗಿತ್ತೆಂದು ಆಗ ವರದಿಯಾಯಿತು. ಅದೇ ವರ್ಷದ ಕೊನೆಯಲ್ಲಿ ಮುಂಬಯಿಯಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ಲಸಿಕೆ ಪಡೆಯದ ಮಕ್ಕಳಲ್ಲೇ ರೋಗ ಹೆಚ್ಚಾಗಿತ್ತು. ಆದುದರಿಂದ ಲಸಿಕೆಯನ್ನು ನಿರಾಕರಿಸುವುದಕ್ಕಿಂತ ಪ್ರಶ್ನಿಸಿ ಪಡೆಯುವುದು ಸೂಕ್ತ. ಲಸಿಕೆಯು 2 ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ದ್ರಾವಣ ಬೆರೆಸಿದ ಶೀಶೆಯನ್ನು 4 ಗಂಟೆಗಳ ನಂತರ ಬಳಸುವಂತಿಲ್ಲ. ಬೆರೆಸಿದ ಸಮಯವನ್ನು ಶೀಶೆಯ ಮೇಲೆ ಬರೆದಿರಬೇಕು. ಅದನ್ನು ತೋರಿಸುವಂತೆ ಕೇಳುವ ಹಕ್ಕು ತಾಯಿಗಿದೆ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರತಕ್ಕದ್ದು.

ಕಬ್ಬು ಕಟಾವಿಗೆ ಮಹಾರಾಷ್ಟ್ರದಿಂದ ಬರುವ ಕುಟುಂಬಗಳ ಮಕ್ಕಳಿಗೂ ಇಲ್ಲಿಯೇ ಲಸಿಕೆ ದೊರೆಯುತ್ತದೆ. ವಾಸಸ್ಥಳದ ದಾಖಲೆ ಅಗತ್ಯವಿಲ್ಲ. ತಾಯಿ ಕಾರ್ಡು ಇದ್ದಲ್ಲಿ ತರುವುದು. ಕಾರ್ಡು ಕಳೆದಿದೆಯೆಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಜ್ವರದೊಂದಿಗೆ ಗುಳ್ಳೆ ಕಂಡ ಮಗುವಿನ ಬಗ್ಗೆ ಆಶಾ ಕಾರ್ಯಕರ್ತೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸುವುದು. ಉಸಿರಾಟದ ತೊಂದರೆ, ಫಿಟ್ಸ್ ಅಥವಾ ಎಚ್ಚರ ತಪ್ಪಿದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.