ದಮ್ಮು ಮುಚ್ಚಿಡುವ ಕಾಯಿಲೆಯಲ್ಲ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಎಳ್ಳ ಅಮಾಸೆ ಮುಗಿಯಿತೆಂದರೆ ತೊಗರಿ ರಾಶಿಯ ಗದ್ದಲ ಜೋರಾಗುತ್ತದೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬಂದ ಮೇಲೆ ಊರಿಗೆ ಊರೇ ರಾಶಿ ಮಷೀನಿನ ಹಿಂದೆ ನಿಲ್ಲುತ್ತದೆ. 2019ರಲ್ಲಿ ನಮ್ಮ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಬೇಳೆಯ ಜೊತೆಗೇ ಏಳುವ ಹೊಟ್ಟಿನ ಧೂಳು ಎಷ್ಟು ಮನೆಗಳಲ್ಲಿ ರಾತ್ರಿಯ ನಿದ್ದೆ ಕೆಡಿಸುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಈ ಕಾಯಿಲೆಗೆ ನಮ್ಮಲ್ಲಿ ದಮ್ಮು ಅಂತಾರೆ, ಬೇರೆ ಕಡೆ ಉಬ್ಬಸ, ಗೂರಲು ಅಂತಾರೆ, ಡಾಕ್ಟರು ಅಸ್ತಮಾ ಅಂತಾರೆ.

ನಾನು ಡಾಕ್ಟರಲ್ಲ, ಹೈಸ್ಕೂಲು ಓದಿದ ಗೃಹಿಣಿ. ಆದರೂ ಇದನ್ನು ಬರೆಯಲು ಕಾರಣವಿದೆ. ನನ್ನ ತಂಗಿಯ ಮಗಳಿಗೆ ಚಿಕ್ಕಂದಿನಿಂದ ದಮ್ಮು. ದಿನಾ ಎರಡು ಹೊತ್ತು ಪಂಪು ಎಳೆದುಕೊಂಡು ಚೆನ್ನಾಗಿಯೇ ಇದ್ದಳು. ಮದುವೆ ಗೊತ್ತಾದಾಗ ಅವಳು ನನ್ನನ್ನು ಕೇಳಿದಳು: “ದೊಡ್ಡವ್ವ, ಅತ್ತಿ ಮನಿಯವರಿಗೆ ಹೇಳಲೇನ್ರಿ?” ನಾನೇ ಹೇಳಿದೆ: “ಈಗ ಸುಮ್ಮನಿರು, ಒಂದೆರಡು ವರ್ಷ ಹೋಗಲಿ.” ಯಾರಿಗೂ ಕಾಣಬಾರದೆಂದು ಅವಳು ದಿನದ ಪಂಪು ಬಿಟ್ಟಳು. ಜೇವರ್ಗಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಮೊದಲನೆಯ ರಾಶಿಯ ರಾತ್ರಿಯೇ ಉಸಿರು ಕಟ್ಟಿತು. ಹಗಲೆಲ್ಲ ಮಷೀನಿನ ಧೂಳು, ಸಂಜೆ ತೊಗರಿ ಕಟ್ಟಿಗೆಯ ಒಲೆಯ ಹೊಗೆ. ಅತ್ತೆ ಎದೆಗೆ ಎಣ್ಣೆ ತಿಕ್ಕಿದರು, ಬಿಸಿನೀರು ಕುಡಿಸಿದರು. ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟ ಪಂಪು ತೆಗೆದರೆ ಅದು ಖಾಲಿ! 108ಕ್ಕೆ ಫೋನು ಮಾಡಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ತುಟಿ ನೀಲಿಗಟ್ಟಿತ್ತು. ಉಳಿದಳು, ದೇವರ ದಯೆ, ಡಾಕ್ಟರ ದಯೆ.

ಅಂದಿನಿಂದ ನನಗೆ ಒಂದೇ ಚಿಂತೆ. ನಾನು ಹೇಳಿದ ಆ ಒಂದು ಮಾತನ್ನು ಇನ್ನೊಬ್ಬ ದೊಡ್ಡವ್ವ ಇನ್ನೊಬ್ಬ ಹುಡುಗಿಗೆ ಹೇಳಬಾರದು. ಅದಕ್ಕಾಗಿ ಡಾಕ್ಟರನ್ನು ಕೇಳಿ ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ನನಗೆ ಬಂದಂತೆ ಇಲ್ಲಿ ಬರೆದಿದ್ದೇನೆ.

ಎದೆಯೊಳಗಿನ ಸಂಸಾರ

ನಮ್ಮ ಎದೆಗೂಡಿನೊಳಗೆ ಹೃದಯ ಮತ್ತು ಶ್ವಾಸಕೋಶ ಅಕ್ಕಪಕ್ಕದ ಮನೆಯವರ ಹಾಗೆ. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರ ಒಲೆ ಹತ್ತುವುದಿಲ್ಲ.

ಹೃದಯ ಅವರವರ ಮುಷ್ಟಿಯಷ್ಟು ದೊಡ್ಡದು. ಅದರಲ್ಲಿ ನಾಲ್ಕು ಕೋಣೆಗಳು, ನಡುವೆ ಒಂದು ಗೋಡೆ. ಬಲಗಡೆಯ ಎರಡು ಕೋಣೆಗಳಿಗೆ ಮೈಯೆಲ್ಲ ಸುತ್ತಿ ದಣಿದ ರಕ್ತ ಬರುತ್ತದೆ. ಹೃದಯ ಅದನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ರಕ್ತ ಕೆಟ್ಟ ಗಾಳಿಯನ್ನು ಬಿಟ್ಟು, ಆಮ್ಲಜನಕ ತುಂಬಿಕೊಂಡು ಎಡಗಡೆಯ ಕೋಣೆಗಳಿಗೆ ಮರಳುತ್ತದೆ. ಎಡಗಡೆಯ ಹೃದಯ ಅದನ್ನು ನೆತ್ತಿಯಿಂದ ಅಂಗಾಲಿನವರೆಗೆ ದೂಡುತ್ತದೆ. ನಿಮಿಷಕ್ಕೆ ಸುಮಾರು 72 ಬಡಿತವೆಂದರೆ ದಿನಕ್ಕೆ ಒಂದು ಲಕ್ಷದ ಮೇಲಾಯಿತು. ನಾವು ಸುಮ್ಮನೆ ಕುಳಿತಿದ್ದರೂ ನಿಮಿಷಕ್ಕೆ ಹೆಚ್ಚು ಕಡಿಮೆ 5 ಲೀಟರು ರಕ್ತ ಈ ಹಾದಿಯಲ್ಲಿ ಸುತ್ತಿ ಬರುತ್ತದೆ. ರಕ್ತ ಹೀಗೆ ಸುತ್ತುತ್ತದೆ ಎಂದು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯ ಪುಸ್ತಕ ಬರೆದು ತೋರಿಸಿಕೊಟ್ಟ.

ಇನ್ನು ಶ್ವಾಸಕೋಶ. ಬೇವಿನ ಮರವೊಂದನ್ನು ತಲೆಕೆಳಗು ಮಾಡಿ ಎದೆಯೊಳಗೆ ಇಟ್ಟಂತೆ ಎಂದುಕೊಳ್ಳಿ. ಗಂಟಲಿನಿಂದ ಇಳಿಯುವ ಶ್ವಾಸನಾಳವೇ ಬೊಡ್ಡೆ. ಅದು ಎರಡಾಗಿ ಒಡೆದು, ಟೊಂಗೆ, ಕಿರಿಟೊಂಗೆ, ಕಡ್ಡಿಗಳಾಗಿ ಹರಡುತ್ತದೆ. ಕಟ್ಟಕಡೆಗೆ ಎಲೆಗಳ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ಚೀಲಗಳು. ಇಂಥವು ಮೂವತ್ತು ಕೋಟಿಗೂ ಹೆಚ್ಚು! ಒಂದೊಂದು ಚೀಲದ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಜಾಳಿಗೆ. ಗಾಳಿ ಮತ್ತು ರಕ್ತದ ಕೊಡುಕೊಳ್ಳುವಿಕೆ ನಡೆಯುವುದು ಇಲ್ಲಿಯೇ. ಬಲಗಡೆಯ ಶ್ವಾಸಕೋಶಕ್ಕೆ ಮೂರು ಭಾಗ, ಎಡಗಡೆಯದಕ್ಕೆ ಎರಡೇ ಭಾಗ. ಹೃದಯಕ್ಕೆ ಜಾಗ ಬಿಡಬೇಕಲ್ಲ.

ದಮ್ಮು ಬಂದಾಗ ಆಗುವುದೇನು?

ಕಾಯಿಲೆ ಇರುವುದು ಗಾಳಿಚೀಲದಲ್ಲಲ್ಲ, ಟೊಂಗೆ ಕಡ್ಡಿಗಳಂಥ ನಾಳಗಳಲ್ಲಿ. ಅಸ್ತಮಾ ಇರುವವರಲ್ಲಿ ಈ ನಾಳಗಳ ಒಳಮೈ ಸದಾ ಸ್ವಲ್ಪ ಕೆರಳಿ ಬಾತುಕೊಂಡಿರುತ್ತದೆ. ಧೂಳೋ ಹೊಗೆಯೋ ತಾಗಿದೊಡನೆ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ನಾಳದ ಸುತ್ತಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ಒಳಮೈ ಇನ್ನಷ್ಟು ಬಾಯುತ್ತದೆ, ಅಂಟು ಕಫ ತುಂಬಿಕೊಳ್ಳುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ನುಸುಳುವ ಸಪ್ಪಳವೇ ಸುಂಯ್ ಎನ್ನುವ ಸಿಳ್ಳು.

ನಮ್ಮ ಹುಡುಗಿ ಹೇಳುತ್ತಿದ್ದಳು: “ಉಸಿರು ಒಳಗ ಹೋಗ್ತದ, ಹೊರಗ ಬರೂದಿಲ್ಲ ನೋಡ್ರಿ ದೊಡ್ಡವ್ವ.” ಅದು ನಿಜವೇ. ಉಸಿರು ಎಳೆದಾಗ ಎದೆ ಹಿಗ್ಗಿ ನಾಳಗಳೂ ತುಸು ಅಗಲವಾಗುತ್ತವೆ, ಬಿಡುವಾಗ ಕಿರಿದಾಗುತ್ತವೆ. ಹಳೆಯ ಗಾಳಿ ಒಳಗೇ ಉಳಿಯುತ್ತದೆ, ಹೊಸದಕ್ಕೆ ಜಾಗವಿಲ್ಲ. ರಕ್ತಕ್ಕೆ ಆಮ್ಲಜನಕ ಸಾಲದಾದಾಗ ಹೃದಯ ಓಡೋಡಿ ಬಡಿಯುತ್ತದೆ. ಎದೆ ಡವಡವ ಅನ್ನುವುದು ಅದಕ್ಕೇ.

ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಮನೆತನದಲ್ಲಿ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಬಂದೇ ಬರುತ್ತದೆಂದಲ್ಲ. ಯಾರ ಪಾಪವೂ ಇದಕ್ಕೆ ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನರಿಗೆ ಅಸ್ತಮಾ ಇತ್ತು, ಸುಮಾರು 4 ಲಕ್ಷ 55 ಸಾವಿರ ಜನ ಅದರಿಂದ ತೀರಿಕೊಂಡರು. ಔಷಧಿ ಸರಿಯಾಗಿ ಸಿಕ್ಕಿದ್ದರೆ ಅವರಲ್ಲಿ ಬಹಳಷ್ಟು ಜನ ಉಳಿಯುತ್ತಿದ್ದರು ಎಂಬುದೇ ದುಃಖದ ಮಾತು.

ನಮ್ಮ ಕಡೆಯ ವೈರಿಗಳು

ಒಬ್ಬೊಬ್ಬರಿಗೆ ಒಂದೊಂದು ಆಗಿಬರುವುದಿಲ್ಲ. ನಮ್ಮ ಮೂರು ತಾಲ್ಲೂಕಿನ ಮನೆಗಳಲ್ಲಿ ನೋಡಬೇಕಾದವು ಇವು: ತೊಗರಿ, ಜೋಳದ ರಾಶಿಯ ಹೊಟ್ಟು, ಹತ್ತಿಯ ಧೂಳು, ಕಬ್ಬು ಕಡಿದ ಮೇಲೆ ರವದಿ ಸುಡುವ ಹೊಗೆ, ಕುಳ್ಳು, ಕಟ್ಟಿಗೆಯ ಒಲೆ, ಮೆಣಸಿನಕಾಯಿ ಹುರಿಯುವ ಘಾಟು, ಹೂ ಬಿಟ್ಟ ಕಾಂಗ್ರೆಸ್ ಕಸ, ಕೌದಿ, ಗಾದಿಗಳಲ್ಲಿ ಸೇರಿದ ಕಣ್ಣಿಗೆ ಕಾಣದ ಧೂಳಿನ ಹುಳು, ಊದಿನಕಡ್ಡಿ, ಸೊಳ್ಳೆಬತ್ತಿ, ಬೀಡಿಯ ಹೊಗೆ, ದೀಪಾವಳಿಯ ಪಟಾಕಿ. ನೆಗಡಿ ಬಂದಾಗ, ಹವಾ ತಟ್ಟನೆ ಬದಲಾದಾಗ ಕೂಡ ದಮ್ಮು ಏಳುತ್ತದೆ. ಕೆಲವರಿಗೆ ನೋವಿನ ಗುಳಿಗೆಯೂ ಆಗಿಬರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ತಲೆನೋವಿಗೆ ಗುಳಿಗೆ ಕೇಳುವ ಮುಂಚೆ ದಮ್ಮು ಇದೆ ಎಂದು ಹೇಳಬೇಕು.

ರಾಶಿಯ ದಿನ ಮೂಗು ಬಾಯಿಗೆ ಒಳ್ಳೆಯ ಮಾಸ್ಕು ಕಟ್ಟಿ, ಗಾಳಿ ಬೀಸಿ ಬರುವ ಕಡೆ ನಿಲ್ಲಿ. ಆಗದವರು ಕಣದ ಕಡೆ ಹೋಗದಿದ್ದರೇ ಒಳಿತು. ಕಸ ಗುಡಿಸುವ ಮೊದಲು ನೀರು ಚಿಮುಕಿಸಿ. ಹಾಸಿಗೆಯ ಅರಿವೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗೆ ಗ್ಯಾಸು ಬಂದಿದೆ. ಆದರೆ ಸಿಲಿಂಡರು ಅತಿಥಿಗಳು ಬಂದಾಗ ಚಹಾಕ್ಕೆ, ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೆ ಎನ್ನುವ ಮನೆಗಳು ಎಷ್ಟಿಲ್ಲ! ಒಲೆ ಹಚ್ಚಲೇಬೇಕೆಂದರೆ ಬಯಲಲ್ಲಿ ಹಚ್ಚಿ, ಕೂಸುಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ವರ್ಷಾನುಗಟ್ಟಲೆ ಹೊಗೆ ಕುಡಿದ ಹೆಂಗಸರಿಗೆ ಬೀಡಿ ಮುಟ್ಟದಿದ್ದರೂ ಶ್ವಾಸಕೋಶ ಕೆಡುತ್ತದೆ. ಅದು ಅಸ್ತಮಾದಂತೆಯೇ ಕಾಣುವ ಬೇರೆ ಕಾಯಿಲೆ.

ಪಂಪಿನ ಬಗ್ಗೆ ಇರುವ ಭಯ

“ಒಮ್ಮೆ ಪಂಪು ಹಚ್ಚಿದರ ಚಟಾ ಆಗ್ತದ” ಎಂಬ ಮಾತನ್ನು ನಾನೂ ನಂಬಿದ್ದೆ. ಇದು ತಪ್ಪು. ಪಂಪಿನಲ್ಲಿ ಎರಡು ಬಗೆ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಸಾಲ್ಬುಟಮಾಲ್ ಹಿಡಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ. ಅದು ಉರಿಯುವ ಬೆಂಕಿಗೆ ನೀರು ಚೆಲ್ಲಿದಂತೆ. ಇನ್ನೊಂದು ದಿನಾ ತೆಗೆದುಕೊಳ್ಳುವ, ಬಾವು ಇಳಿಸುವ ಸ್ಟೀರಾಯ್ಡ್ ಪಂಪು. ಅದು ಬೆಂಕಿಯೇ ಹತ್ತದಂತೆ ಕಾಯುವುದು. ನೀಲಿಯದರಿಂದ ತಕ್ಷಣ ಹಾಯೆನಿಸುತ್ತದೆಂದು ಅದೊಂದನ್ನೇ ಎಳೆಯುತ್ತ ಹೋದರೆ ಒಳಗಿನ ಬಾವು ಹಾಗೆಯೇ ಬೆಳೆಯುತ್ತದೆ. 2019ರಿಂದ ಜಗತ್ತಿನ ಅಸ್ತಮಾ ತಜ್ಞರೂ ನೀಲಿ ಪಂಪು ಒಂದನ್ನೇ ನಂಬಿಕೊಂಡಿರಬಾರದೆಂದು ಹೇಳುತ್ತಿದ್ದಾರೆ. ಎರಡೂ ಔಷಧಿ ಕೂಡಿಸಿದ ಪಂಪುಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ಡಾಕ್ಟರೇ ಹೇಳಬೇಕು.

ಸ್ಟೀರಾಯ್ಡ್ ಎಂದೊಡನೆ ಅಂಜಬೇಡಿ. ಗುಳಿಗೆಯಲ್ಲಿ 5 ಮಿಲಿಗ್ರಾಂ ಎಂದರೆ 5,000 ಮೈಕ್ರೊಗ್ರಾಂ. ಪಂಪಿನ ಒಂದು ಎಳೆತದಲ್ಲಿ ಸಾಮಾನ್ಯವಾಗಿ ಇರುವುದು 100 ಅಥವಾ 200 ಮೈಕ್ರೊಗ್ರಾಂ, ಅದೂ ನೆಟ್ಟಗೆ ಶ್ವಾಸನಾಳಕ್ಕೇ ಹೋಗುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣು ಆಗುವುದಿಲ್ಲ. ಬಸುರಿಯರೂ ಡಾಕ್ಟರನ್ನು ಕೇಳದೆ ಪಂಪು ಬಿಡಬಾರದು. ತಾಯಿಗೆ ಉಸಿರು ಕಟ್ಟಿದರೆ ಹೊಟ್ಟೆಯ ಕೂಸಿಗೂ ಕಟ್ಟುತ್ತದೆ.

ಜೂನಿನಲ್ಲಿ ಮೃಗಶಿರಾ ಮಳೆ ಕೂಡುವಾಗ ಹೈದರಾಬಾದಿನ ನಾಂಪಲ್ಲಿಯಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರೆ, ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಸಾವಿರಾರು ಜನ ಸೇರುತ್ತಾರೆ, ನಮ್ಮ ಹುಡುಗಿಯನ್ನೂ ಎರಡು ಸಲ ಕರೆದೊಯ್ದಿದ್ದೆವು. ನಂಬಿಕೆ ಅವರವರದು. ಆದರೆ ಅದರಿಂದ ಅಸ್ತಮಾ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆ ಸಿಕ್ಕಿಲ್ಲ. ಹೋಗುವವರು ಪಂಪನ್ನು ಚೀಲದಲ್ಲಿಟ್ಟುಕೊಂಡೇ ಹೋಗಬೇಕು, ಬಂದ ಮೇಲೂ ಬಿಡಬಾರದು. ಶುಂಠಿ, ತುಳಸಿಯ ಕಷಾಯವೂ ಅಷ್ಟೇ. ಗಂಟಲಿಗೆ ಹಿತ, ಪಂಪಿನ ಬದಲಲ್ಲ.

ಏಳುವ ರಾತ್ರಿ ಏನು ಮಾಡಬೇಕು?

1. ಮಲಗಿಸಬೇಡಿ. ನೆಟ್ಟಗೆ, ತುಸು ಮುಂದೆ ಬಾಗಿಸಿ ಕೂರಿಸಿ. ಸುತ್ತ ಜನ ಮುತ್ತಬಾರದು, ಕಿಟಕಿ ತೆರೆಯಿರಿ.

2. ನೀಲಿ ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಸ್ಪೇಸರ್ ಎಂಬ ಡಬ್ಬಿಗೆ ಸಿಕ್ಕಿಸಿ ಒಂದು ಸಲ ಒತ್ತಿ, ನಾಲ್ಕಾರು ಉಸಿರು ಎಳೆಯಲಿ. ಹೀಗೆ ಒಂದೊಂದಾಗಿ 4 ಸಲ. ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದರಂತೆ. ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಬಾಟಲಿಯ ಬಾಯಿಂದ ಎಳೆಯಬಹುದು.

3. ನಾಲ್ಕೈದು ನಿಮಿಷದಲ್ಲಿ ಹಗುರಾಗದಿದ್ದರೆ ಮತ್ತೆ 4 ಸಲ ಕೊಡಿ, 108ಕ್ಕೆ ಫೋನು ಮಾಡಿ.

4. ಒಂದು ಪೂರ್ತಿ ಮಾತು ಆಡಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಕಾಯಬೇಡಿ. ಸಿಳ್ಳು ನಿಂತಿತೆಂದು ಸಮಾಧಾನಪಡಲೂ ಬೇಡಿ. ಕೆಲವೊಮ್ಮೆ ಗಾಳಿಯೇ ಆಡದಾದಾಗ ಸಿಳ್ಳು ನಿಲ್ಲುತ್ತದೆ.

ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. ಮೊದಲು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕ ಹಿಡಿಸಿ ಮುಂದಕ್ಕೆ ಹೋಗುವುದೇ ಜಾಣತನ.

ಇನ್ನೊಂದು ಎಚ್ಚರಿಕೆ. ದಮ್ಮೆಲ್ಲ ಅಸ್ತಮಾ ಅಲ್ಲ. ವಯಸ್ಸಾದವರಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾಗುವುದು, ಕಾಲು ಬಾಯುವುದು, ನಾಲ್ಕು ಹೆಜ್ಜೆಗೇ ಏದುಸಿರು ಬರುವುದು ಹೃದಯದ ಕಾಯಿಲೆಯಿಂದಲೂ ಆಗುತ್ತದೆ. ಸೋತ ಹೃದಯ ರಕ್ತವನ್ನು ಮುಂದೆ ದೂಡಲಾರದೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಸೊಸೆಯ ಪಂಪು ಅತ್ತೆಗೆ ಕೊಟ್ಟು ಹೊತ್ತು ಕಳೆಯಬಾರದು. ಹೃದಯದ ಚಿಕಿತ್ಸೆಗೆ ಈಗ ಬೆಂಗಳೂರಿಗೇ ಓಡಬೇಕಿಲ್ಲ. ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ. ಎರಡು ವಾರಕ್ಕೂ ಹೆಚ್ಚು ಕೆಮ್ಮಿದ್ದರೆ ಕಫದ ಪರೀಕ್ಷೆಯನ್ನೂ ಮಾಡಿಸಬೇಕು, ಕ್ಷಯ ಇರಬಹುದು.

ಆ ರಾತ್ರಿ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಬೀಗಿತ್ತಿಯ ಮುಂದೆ ತಲೆತಗ್ಗಿಸಿ ಕುಳಿತಿದ್ದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅಂದದ್ದು ಇಷ್ಟೇ: “ಮದಲೇ ಹೇಳಿದ್ರ ನಾ ಆಕೀನ್ನ ಕಣಕ್ಕ ಕಳಸ್ತಿದ್ನೇನ್ರಿ ಅಕ್ಕಾರ?” ನನಗೆ ಉತ್ತರವಿರಲಿಲ್ಲ. ಹೇಳಿದ್ದರೆ ಆ ಸಂಬಂಧವೇ ಮುರಿಯುತ್ತಿತ್ತೋ ಏನೋ, ನಾನರಿಯೆ. ಆದರೆ ಮುರಿದ ಸಂಬಂಧದ ಬದಲು ಇನ್ನೊಂದು ಸಿಕ್ಕೀತು, ನಿಂತ ಉಸಿರು ಸಿಕ್ಕುವುದಿಲ್ಲ.

ಈಗ ಅವಳ ಪಂಪು ಅಡುಗೆಮನೆಯ ಮಾಡದಲ್ಲಿ ಎಲ್ಲರ ಕೈಗೆ ಸಿಗುವಂತೆ ಇರುತ್ತದೆ. ಎರಡು ಹೊತ್ತೂ “ಎಳಕೊಂಡೀ ಏನವ್ವಾ?” ಎಂದು ಕೇಳುವವರು ಅವಳ ಅತ್ತೆಯೇ. ಹೋದ ರಾಶಿಯಲ್ಲಿ ಒಂದು ದಿನವೂ ಅವಳಿಗೆ ದಮ್ಮು ಏಳಲಿಲ್ಲ. ಸೋದರಿಯರೇ, ನಿಮ್ಮ ಮನೆಯಲ್ಲಿಯೂ ಯಾವುದಾದರೂ ಟ್ರಂಕಿನ ತಳದಲ್ಲಿ ಪಂಪೊಂದು ಅಡಗಿ ಕುಳಿತಿದ್ದರೆ ಇಂದೇ ಹೊರಗೆ ತೆಗೆಯಿರಿ. ಅದರಲ್ಲಿ ಔಷಧಿ ಇದೆಯೋ ಇಲ್ಲವೋ ನೋಡಿ.